ಮೀನಿನ ಆಯುಸ್ಸು

ಮನೆಗೆ ಹೊಸದೊಂದು ಜೀವವನ್ನು ತರುವ ಮುನ್ನ ನಾಲ್ಕು ಕಡೆ ವಿಚಾರಿಸಿ ತರುವುದು ನಮ್ಮ ಜನರ ಪದ್ಧತಿ. ಹಸುವನ್ನು ಕೊಳ್ಳುವವರು ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಹಾಲು ಕರೆದು ತೋರಿಸೆನ್ನುತ್ತಾರೆ. ನಾಯಿಮರಿಯನ್ನು ತರುವವರೂ ಅದರ ತಾಯಿ ಎಂಥದೆಂದು ಕೇಳದೆ ಬಿಡುವುದಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ಈ ವಿವೇಕವೆಲ್ಲ ಎಲ್ಲಿ ಅಡಗುತ್ತದೆಯೋ ತಿಳಿಯದು. ಬಣ್ಣ ಕಂಡಿತು, ಕಾಸು ಕೊಟ್ಟೆವು, ಪ್ಲಾಸ್ಟಿಕ್ ಚೀಲವನ್ನು ತೂಗಾಡಿಸಿಕೊಂಡು ಮನೆಗೆ ಬಂದೆವು. ಅಲ್ಲಿಗೆ ವಿಚಾರಣೆ ಮುಗಿಯಿತು. ಹೀಗೆ ತಂದವರಲ್ಲಿ ನಾನೂ ಒಬ್ಬ. ಅದರ ಫಲವನ್ನು ಮೊದಲು ಉಂಡವು ಮೀನುಗಳು; ಆಮೇಲೆ ಉಂಡವನು ನನ್ನ ಮಗ. ಆ ಕಥೆಯನ್ನೂ, ಅದನ್ನು ತಿದ್ದಿಕೊಳ್ಳಲು ಹೋಗಿ ಈಚೆಗೆ ನಾನು ಕಲಿತ ಅಲ್ಪಸ್ವಲ್ಪ ಮತ್ಸ್ಯವಿಚಾರವನ್ನೂ ಓದುಗರ ಮುಂದಿಡುತ್ತೇನೆ.

ನನ್ನ ಮೊಮ್ಮಗಳು ಪುಟ್ಟಿಗೆ ಈಗ ಒಂಬತ್ತು ವರ್ಷ. ಒಂದು ದಿನ ಶಾಲೆಯಿಂದ ಬಂದವಳು ಚೀಲವನ್ನು ಇಳಿಸುವ ಮೊದಲೇ, "ತಾತ, ನಾವೂ ಒಂದು ಮೀನಿನ ತೊಟ್ಟಿ ಇಡೋಣ" ಎಂದಳು. ಗೆಳತಿಯ ಮನೆಯಲ್ಲಿ ನೋಡಿ ಬಂದಿದ್ದಳು. ನಾನು ಆಗಲಿ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಒಳಗಿನಿಂದ ಬಂದ ನನ್ನ ಮಗ, "ಬೇಡಮ್ಮ, ಮೀನಿಗೆ ಆಯುಸ್ಸು ಬಹಳ ಕಡಿಮೆ. ಹತ್ತು ದಿನ ಇದ್ದು ಹೋಗಿಬಿಡ್ತವೆ. ಆಮೇಲೆ ನೀನು ಅಳ್ತಾ ಕೂರ್ತೀಯ. ಬೇಕಾದ್ರೆ ತಾತನ್ನ ಕೇಳು" ಎಂದ. ಪುಟ್ಟಿ ನನ್ನ ಮುಖ ನೋಡಿದಳು. ನಾನು ಕನ್ನಡಕವನ್ನು ತೆಗೆದು ಒರೆಸತೊಡಗಿದೆ. ಮಗ ಆಡಿದ್ದು ಅವನ ಮಾತಾಗಿರಲಿಲ್ಲ; ನನ್ನ ಮಾತು. ಅವನು ಎಂಟು ವರ್ಷದವನಾಗಿದ್ದಾಗ ನಾನೇ ಅವನ ಕೈಗೆ ಕೊಟ್ಟಿದ್ದ ಮಾತು.

1993ರ ದಸರಾ. ವಸ್ತುಪ್ರದರ್ಶನವನ್ನು ನೋಡಿ ಹಿಂದಿರುಗುವಾಗ ಬೀದಿಯ ಅಂಚಿನಲ್ಲಿ ಒಬ್ಬಾತ ಕೋಲಿಗೆ ಚೀಲಗಳನ್ನು ಕಟ್ಟಿಕೊಂಡು ಗೋಲ್ಡ್‌ಫಿಷ್ ಮಾರುತ್ತಿದ್ದ. ದೀಪಾಲಂಕಾರದ ಬೆಳಕು ಆ ನೀರಿನಲ್ಲಿ ಬಿದ್ದು ಮೀನುಗಳು ಕೆಂಡದಂತೆ ಹೊಳೆಯುತ್ತಿದ್ದವು. ಮಗ ಅಲ್ಲಿಂದ ಕದಲಲಿಲ್ಲ. ಮೂರು ಮೀನುಗಳನ್ನೂ ಒಂದು ದುಂಡನೆಯ ಗಾಜಿನ ಬುರುಡೆಯನ್ನೂ ಕೊಂಡೆವು. ಬುರುಡೆಯ ಕೊರಳಿನವರೆಗೂ ನಲ್ಲಿಯ ನೀರು ತುಂಬಿದೆವು. ದಿನಕ್ಕೆ ಮೂರು ಹೊತ್ತು ಬನ್ನಿನ ಚೂರು ಹಾಕಿದೆವು. ನೀರು ಸ್ವಲ್ಪ ಮಬ್ಬಾಯಿತೆಂದರೆ ಪೂರ್ತಿ ಚೆಲ್ಲಿ, ಬುರುಡೆಯನ್ನು ಉಜ್ಜಿ ತೊಳೆದು, ಮತ್ತೆ ನಲ್ಲಿಯ ನೀರು ತುಂಬಿದೆವು. ನಮಗೆ ತಿಳಿದ ಶುಚಿತ್ವವನ್ನೆಲ್ಲ ಅವುಗಳ ಮೇಲೆ ಪ್ರಯೋಗಿಸಿದೆವು. ನಾಲ್ಕನೆಯ ದಿನ ಒಂದು ಸತ್ತಿತು. ಏಳನೆಯ ದಿನ ಇನ್ನೊಂದು. ಹನ್ನೆರಡನೆಯ ದಿನ ಬೆಳಿಗ್ಗೆ ಕೊನೆಯದು. ಹಿತ್ತಲಿನ ದಾಸವಾಳದ ಬುಡದಲ್ಲಿ ಮೂರನ್ನೂ ಹೂಳಿದೆವು. ಮಗ ಅಳುತ್ತ, "ನಾವೇನಾದ್ರೂ ತಪ್ಪು ಮಾಡಿದ್ವಾ ಅಪ್ಪ?" ಎಂದು ಕೇಳಿದ. "ಇಲ್ಲ ಕಣೋ, ಮೀನಿನ ಆಯುಸ್ಸೇ ಅಷ್ಟು" ಎಂದೆ. ನಮ್ಮ ಮನೆಯವರು ತಮ್ಮ ಪಾಲಿಗೆ, "ಮನೆಗೆ ಬರೋ ಕೇಡನ್ನ ಮೀನು ತಾನು ಹೊತ್ಕೊಂಡು ಹೋಗುತ್ತಂತೆ" ಎಂದು ಸೇರಿಸಿದರು. ಎಷ್ಟು ಅನುಕೂಲವಾದ ನಂಬಿಕೆ! ಕೊಂದವರು ಕೃತಜ್ಞತೆ ಹೇಳಿದರೆ ಸಾಕು.

ಮಗನ ಮಾತು ಕೇಳಿದ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಗಾದೊಡನೆ ನೆರೆಯ ರಾಯರ ಮನೆಗೆ ಹೋದೆ. ರಾಯರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದು ನಿವೃತ್ತರಾದವರು. ಅವರ ಪಡಸಾಲೆಯಲ್ಲಿ ಬಹು ಕಾಲದಿಂದ ಒಂದು ಮೀನಿನ ತೊಟ್ಟಿಯಿದೆ. ನಾನು ಅದನ್ನು ನೂರು ಸಲ ಕಂಡಿದ್ದರೂ ಒಮ್ಮೆಯೂ ನೋಡಿರಲಿಲ್ಲ. "ಗೋಲ್ಡ್‌ಫಿಷ್‌ಗೆ ಆಯುಸ್ಸೆಷ್ಟು ರಾಯರೇ?" ಎಂದು ಕೇಳಿದೆ. ಅವರು ಕಾಫಿಯ ಲೋಟವನ್ನು ಕೆಳಗಿಟ್ಟು ಹೇಳಿದರು: "ಚೆನ್ನಾಗಿ ಸಾಕಿದರೆ ಹತ್ತು ಹದಿನೈದು ವರ್ಷಕ್ಕೆ ಮೋಸವಿಲ್ಲ ಮೇಷ್ಟ್ರೇ. ಇಂಗ್ಲೆಂಡಿನಲ್ಲಿ ಟಿಶ್ ಅಂತ ಒಂದು ಮೀನಿತ್ತು. 1956ರಲ್ಲಿ ಜಾತ್ರೆಯ ಆಟವೊಂದರಲ್ಲಿ ಬಹುಮಾನವಾಗಿ ಬಂದದ್ದು. 1999ರಲ್ಲಿ ಸತ್ತಾಗ ಅದಕ್ಕೆ 43 ವರ್ಷ." ಜಾತ್ರೆಯಿಂದ ತಂದ ಮೀನು, ನಲವತ್ತಮೂರು ವರ್ಷ! ನಮ್ಮದು ಹನ್ನೆರಡು ದಿನ. ಅದು ಬದುಕಿದ್ದರೆ ಇಂದಿಗೂ ನನ್ನ ಮಗನೊಡನೆ ನಡುವಯಸ್ಸಿಗೆ ಬಂದಿರಬಹುದಾಗಿತ್ತು.

ಆಗಿದ್ದೇನೆಂದು ರಾಯರು ಬಿಡಿಸಿ ಹೇಳಿದರು. ಮೀನು ನೀರಿನಲ್ಲಿಯೇ ಉಂಡು ನೀರಿನಲ್ಲಿಯೇ ವಿಸರ್ಜಿಸುವ ಪ್ರಾಣಿ. ಅದರ ದೇಹದ ಕಲ್ಮಷದ ಹೆಚ್ಚಿನ ಪಾಲು ಅಮೋನಿಯಾ ರೂಪದಲ್ಲಿ ಕಿವಿರಿನ ಮೂಲಕವೇ ನೀರಿಗೆ ಸೇರುತ್ತದೆ. ಅದು ವಿಷ. ಕಣ್ಣಿಗೆ ಕಾಣುವಂಥದಲ್ಲ, ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಮೀನಿಗೆ ಅದರಲ್ಲಿ ಉರಿಯಬಹುದು. ಹೊಳೆಯಲ್ಲಿ, ಕೆರೆಯಲ್ಲಿ ಇದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ರಕ್ತ ಪ್ರಾಣವಾಯುವನ್ನು ಹೊರುವುದಕ್ಕೆ ಅದು ಅಡ್ಡಿ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿ ಬದಲಿಸುತ್ತವೆ. ನೈಟ್ರೇಟಿನ ಬಾಧೆ ಬಹಳ ಕಡಿಮೆ. ಅದಷ್ಟನ್ನು ಗಿಡಗಳು ಹೀರುತ್ತವೆ, ಉಳಿದದ್ದು ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸಿದರೆ ಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಇರುವುದಿಲ್ಲ. ಅವು ಕಲ್ಲು, ಗಾಜು, ಶೋಧಕದ ಸ್ಪಂಜು ಇವುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಾವು ಬುರುಡೆಯನ್ನು ಉಜ್ಜಿ ಉಜ್ಜಿ ತೊಳೆದದ್ದು ಆ ರಕ್ಷಕರನ್ನೇ. ಅದರ ಮೇಲೆ ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಟ್ಟಿತ್ತು. ಬುರುಡೆಯ ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ನೀರಿಗಿಳಿಯಲು ಎಡೆಯಿರಲಿಲ್ಲ. ಮೂರು ಶತ್ರುಗಳ ನಡುವೆ ಹನ್ನೆರಡು ದಿನ ಬದುಕಿದ್ದೇ ಆ ಮೀನಿನ ಗಟ್ಟಿತನ.

ಈ ಸೂಕ್ಷ್ಮಜೀವಿಗಳ ಕಥೆಯೂ ಸ್ವಾರಸ್ಯವಾದದ್ದು. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಎರಡು ಗೋಲ್ಡ್‌ಫಿಷ್, ಒಂದಷ್ಟು ವ್ಯಾಲಿಸ್ನೇರಿಯ ಗಿಡ, ಕೆಲವು ಬಸವನಹುಳು ಇಷ್ಟನ್ನು ಒಂದು ಗಾಜಿನ ತೊಟ್ಟಿಯಲ್ಲಿ ಕೂಡಿಸಿ, ಒಂದರ ಕಲ್ಮಷ ಇನ್ನೊಂದಕ್ಕೆ ಆಹಾರವಾಗುವ ಸಮತೋಲವನ್ನು ತೋರಿಸಿದ. ಮೂರೇ ವರ್ಷದಲ್ಲಿ, 1853ರಲ್ಲಿ, ಆ ಊರಿನ ಪ್ರಾಣಿಸಂಗ್ರಹಾಲಯದಲ್ಲಿ ಜನರಿಗಾಗಿ ಮೀನುಮನೆಯೊಂದು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಮಾತು ಮನೆಮಾತಾಯಿತು. ಆದರೆ ವಾರಿಂಗ್ಟನ್ನನಿಗೆ ಗಿಡ ಕಂಡಿತ್ತು, ಹುಳು ಕಂಡಿತ್ತು; ಅವುಗಳ ಹಿಂದೆ ದುಡಿಯುತ್ತಿದ್ದ ಅಣುಜೀವಿಗಳು ಕಾಣಲಿಲ್ಲ. ರಷ್ಯದ ವಿನೊಗ್ರಾಡ್‌ಸ್ಕಿ ಅವನ್ನು ಬೇರ್ಪಡಿಸಿ ತೋರಿಸಿದ್ದು 1890ರಲ್ಲಿ. ಮನೆಯ ತೊಟ್ಟಿಗಳಲ್ಲಿ ನೈಟ್ರೈಟನ್ನು ಕಳೆಯುವುದು ಹಿಂದೆ ಎಣಿಸಿದ್ದ ಜಾತಿಯಲ್ಲ, ನೈಟ್ರೋಸ್ಪೈರ ಎಂಬ ಬೇರೊಂದು ಬಳಗ ಎಂಬುದು 1998ರಲ್ಲಿ ತಿಳಿಯಿತು. ನನ್ನ ಮೂರು ಮೀನುಗಳು ಸತ್ತಾಗ ಪಂಡಿತರೂ ಇನ್ನೂ ಪೂರ್ತಿ ತಿಳಿದಿರಲಿಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. "ಅವರಿಗೆ ಹೆಸರು ತಿಳಿದಿರಲಿಲ್ಲ ಮೇಷ್ಟ್ರೇ, ತೊಟ್ಟಿಯನ್ನು ಉಜ್ಜಬಾರದು ಅನ್ನೋದು ತಿಳಿದಿತ್ತು" ಎಂದು ರಾಯರು ಆ ಸಮಾಧಾನವನ್ನೂ ಕಿತ್ತುಕೊಂಡರು.

ಮರುವಾರ ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಬಂತು. ತುಂಬಿದರೆ ನೂರು ಲೀಟರಿಗೆ ತುಸು ಹೆಚ್ಚು. ಎಂದರೆ ಒಂದು ಕ್ವಿಂಟಲಿಗೂ ಮಿಕ್ಕಿದ ಭಾರ. ಹಳೆಯ ತೇಗದ ಮೇಜಿನ ಕಾಲುಗಳನ್ನು ಬಡಗಿಯಿಂದ ಬಿಗಿ ಮಾಡಿಸಿ, ಬಿಸಿಲು ನೇರವಾಗಿ ಬೀಳದ ಗೋಡೆಗೆ ಒತ್ತಿ ಇಟ್ಟೆವು. ಹಿಂದಿನ ಸಂಜೆಯೇ ಬಕೀಟುಗಳಲ್ಲಿ ನೀರು ಹಿಡಿದು ತೆರೆದಿಟ್ಟು, ಕ್ಲೋರಿನ್ ಆರಿಹೋಗಲು ಬಿಟ್ಟು ತುಂಬಿದೆವು. ರಾಯರು ತಮ್ಮ ತೊಟ್ಟಿಯ ಶೋಧಕದಿಂದ ಕಂದು ಬಣ್ಣಕ್ಕೆ ತಿರುಗಿದ ಒಂದು ತುಂಡು ಸ್ಪಂಜನ್ನು ತಂದು ನಮ್ಮ ಶೋಧಕದೊಳಗೆ ಇಟ್ಟರು. ನಮ್ಮ ಮನೆಯವರು ಮೂಗು ಮುಚ್ಚಿಕೊಂಡರು. "ಹಾಲಿಗೆ ಹೆಪ್ಪು ಹಾಕೋದಿಲ್ವೆ ಅಮ್ಮ, ಹಾಗೇ ಇದು" ಎಂದರು ರಾಯರು. ಅಡಿಗೆಮನೆಯ ಆ ಒಂದು ಮಾತಿನಿಂದ ಅರ್ಧ ಗಂಟೆಯ ಉಪನ್ಯಾಸ ಉಳಿಯಿತು.

ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಅಲುಗಿಸದೆ ಕಾಯಬೇಕಲ್ಲ, ಕಾದೆವು. ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುವುದು. ಅದು ಕೊಳೆತು ಅಮೋನಿಯಾ ಹುಟ್ಟುವುದು. ಹುಟ್ಟಿದ್ದನ್ನು ಉಣ್ಣಲು ಸೂಕ್ಷ್ಮಜೀವಿಗಳು ಬೆಳೆಯುವುದು. "ಪಿತೃಗಳಿಗೆ ಎಡೆ ಇಟ್ಟ ಹಾಗೆ ದಿನಾ ಬರೀ ನೀರಿಗೆ ಊಟ ಹಾಕ್ತಿದೀರಲ್ಲ!" ಎಂದು ಮನೆಯವರು ನಗುತ್ತಿದ್ದರು. ಮನೆಗೆ ಬಂದವರೆಲ್ಲ ತೊಟ್ಟಿಯೊಳಗೆ ಹಣಕಿ, ಮೀನು ಎಲ್ಲಿ ಅಡಗಿವೆಯೆಂದು ಹುಡುಕಿ, ಇಲ್ಲವೆಂದು ತಿಳಿದು ನಮ್ಮ ಮುಖಗಳನ್ನು ನೋಡುತ್ತಿದ್ದರು. ಪುಟ್ಟಿ ಮೂರು ದಿನಕ್ಕೊಮ್ಮೆ ಕೊಳವೆಯಲ್ಲಿ ನೀರು ತೆಗೆದು ಔಷಧದ ಹನಿ ಹಾಕಿ ಪರೀಕ್ಷಿಸುತ್ತಿದ್ದಳು. ಹಸಿರಿಗೆ ತಿರುಗಿದರೆ ಅಮೋನಿಯಾ ಇದೆ, ಹಳದಿಯಾಗಿಯೇ ಉಳಿದರೆ ಇಲ್ಲ. ಒಂದು ನೋಟ್‌ಪುಸ್ತಕದಲ್ಲಿ ತಾರೀಖು ಹಾಕಿ ಆ ಬಣ್ಣಗಳನ್ನು ಕ್ರೇಯಾನಿನಿಂದ ಬಳಿಯುತ್ತಿದ್ದಳು. ಮೊದಲ ಪುಟಗಳೆಲ್ಲ ಹಸಿರೇ ಹಸಿರು.

ಆ ಪುಸ್ತಕದ ಕೊನೆಯ ಪುಟಗಳಲ್ಲಿ ಇನ್ನೊಂದು ಪಟ್ಟಿ ಬೆಳೆಯುತ್ತಿತ್ತು: ಯಾವ ಮೀನು ತರುವುದು? ಪುಟ್ಟಿ ತನಗೆ ಬೇಕಾದ ಹೆಸರುಗಳನ್ನು ಬರೆಯುವುದು, ನಾನು ರಾಯರಿಂದ ವಿಚಾರಿಸಿ ತಂದು ಒಂದೊಂದನ್ನೇ ಹೊಡೆದುಹಾಕುವುದು ಎಂದಾಯಿತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನಾನು ಇಷ್ಟು ನಿಷ್ಠುರನಾಗಿ ಎಂದೂ ತಿದ್ದಿರಲಿಲ್ಲ.

ಮೊದಲು ಹೋದದ್ದು ಗೋಲ್ಡ್‌ಫಿಷ್. ಚೀನಾದ ಜನ ಸಾವಿರ ವರ್ಷಗಳ ಹಿಂದೆ ಕಾರ್ಪ್ ಜಾತಿಯ ಮೀನಿನಿಂದ ಆರಿಸಿ ಆರಿಸಿ ಬೆಳೆಸಿದ ತಳಿಯಿದು. ಅದರ ಹುಟ್ಟಿಗೆ ಒದಗಿದ ನೆಲೆ ಕೊಳ. ಗೇಣುದ್ದಕ್ಕೆ ಬೆಳೆಯುತ್ತದೆ, ತಿನ್ನುವುದೂ ಹೆಚ್ಚು, ನೀರನ್ನು ಕೆಡಿಸುವುದೂ ಹೆಚ್ಚು. ನಮ್ಮ ತೊಟ್ಟಿ ಅದಕ್ಕೆ ಸಾಲದು. ಎರಡನೆಯದು, ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನುವ 'ಸಕ್ಕರ್' ಮೀನು. ಅಂಗಡಿಯಲ್ಲಿ ಎರಡಂಗುಲವಿರುವ ಈ ದಕ್ಷಿಣ ಅಮೆರಿಕದ ಜೀವಿ ಒಂದಡಿಯನ್ನು ಮೀರಿ ಬೆಳೆಯುತ್ತದೆ. ಬೆಳೆದ ಮೇಲೆ ಜನ ಅದನ್ನು ಪುಣ್ಯ ಬಂತೆಂದು ಕೆರೆಗೆ ಬಿಡುತ್ತಾರೆ. ಹಾಗೆ ಬಿಟ್ಟದ್ದು ಈಗ ನಮ್ಮ ದೇಶದ ಹಲವು ರಾಜ್ಯಗಳ ಕೆರೆ ಹೊಳೆಗಳಲ್ಲಿ ನೆಲೆಸಿ, ಮುಳ್ಳಿನ ಮೈಯಿಂದ ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಸಾಕಿದ ಮೀನನ್ನು ಕೆರೆಗೆ ಬಿಡುವುದು ದಯೆಯಲ್ಲವೆಂದು ನಾನು ಕಲಿತದ್ದು ಹೀಗೆ.

ಏಂಜೆಲ್ ಮೀನು ದೇವತೆಯಂತೆ ತೇಲುತ್ತದೆ. ಆದರೆ ಬಾಯಿಗೆ ಹಿಡಿಸಿದ ಚಿಕ್ಕ ಮೀನನ್ನು ದೇವತೆಯೇ ನುಂಗುತ್ತದೆ. ಟೈಗರ್ ಬಾರ್ಬ್ ನೆರೆಯವರ ಉದ್ದ ರೆಕ್ಕೆಗಳನ್ನು ಕಂಡರೆ ಕಚ್ಚದೆ ಬಿಡದು. ಬೆಟ್ಟಾ ಮೀನಿನ ಗಂಡು ತನ್ನಂಥ ಇನ್ನೊಂದನ್ನು ಸಹಿಸದು. ಗಪ್ಪಿಗಳು ಗಟ್ಟಿ ಜೀವಗಳು, ಗಡಸು ನೀರಿಗೂ ಅಂಜವು; ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನಮ್ಮ ಬಾವಿ ಕೆರೆಗಳಿಗೂ ಅವನ್ನು ಬಿಟ್ಟದ್ದುಂಟು. ಆದರೆ ಅವು ಮೊಟ್ಟೆಯಿಡದೆ ಮರಿಯನ್ನೇ ಹೆರುವ ಜಾತಿ. ಹೆಚ್ಚುಕಡಮೆ ತಿಂಗಳಿಗೊಂದು ಬಾಣಂತನ. ಒಂದು ವರ್ಷದಲ್ಲಿ ಬೀದಿಯ ಮನೆಮನೆಗೂ ಹಂಚಬೇಕಾದೀತು. ನಿಯಾನ್ ಟೆಟ್ರಾ ಅಮೆಜಾನ್ ಸೀಮೆಯದು. 1936ರಲ್ಲಿ ವಿಜ್ಞಾನದ ಪುಸ್ತಕಕ್ಕೆ ಸೇರಿದ ಆ ಮೀನಿನ ನೀಲಿ ಗೀಟು ಕತ್ತಲಲ್ಲಿ ಹಚ್ಚಿಟ್ಟ ದೀಪದಂತೆ. ಆದರೆ ಅದು ಮೃದುವಾದ ನೀರಿನ ಕೂಸು. ಹೊಸ ತೊಟ್ಟಿಯ ಏರುಪೇರನ್ನು ತಾಳದು. ನಮ್ಮ ಬೀದಿಯಲ್ಲಿ ಕಾವೇರಿ ನೀರು ತಪ್ಪಿದ ದಿನ ಕೊಳವೆಬಾವಿಯ ನೀರೇ ಗತಿ, ಅದನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಅಂಥ ನೀರಿಗೆ ಅಮೆಜಾನಿನ ಕೂಸನ್ನು ತಂದು ಬಿಡುವುದು ಅನ್ಯಾಯ.

ಪುಟ್ಟಿ ಅತ್ಯಂತ ಆಸೆಪಟ್ಟದ್ದು 'ಮಿಸ್ ಕೇರಳ' ಎಂಬ ಮೀನಿಗೆ. ಬೆಳ್ಳಿಯ ಮೈ, ಮೂಗಿನಿಂದ ಬಾಲದವರೆಗೆ ಎಳೆದ ಕರಿಯ ಗೀಟು, ಅದರ ಮೇಲೆ ಕುಂಕುಮದಂಥ ಕೆಂಪು. ನಮ್ಮದೇ ಪಶ್ಚಿಮಘಟ್ಟದ ಮೀನು. ಫ್ರಾನ್ಸಿಸ್ ಡೇ ಅದನ್ನು 1865ರಲ್ಲಿ ವರ್ಣಿಸಿದ. 2013ರಲ್ಲಿ ಅದರ ಕುಲಕ್ಕೆ ಸಹ್ಯಾದ್ರಿಯ ಹೆಸರನ್ನೇ ಇಟ್ಟು ಸಹ್ಯಾದ್ರಿಯಾ ಎಂದು ಕರೆದರು. ರೂಪವೇ ಅದಕ್ಕೆ ಮುಳುವಾಯಿತು. ವಿದೇಶದ ತೊಟ್ಟಿಗಳಿಗಾಗಿ ಕಾಡುಹೊಳೆಗಳಿಂದ ಅದನ್ನು ಮಿತಿಯಿಲ್ಲದೆ ಹಿಡಿದರು. ಈಗ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ. ತಂಪಾಗಿ ಓಡುವ ಹೊಳೆಯಲ್ಲಿ ಹಿಂಡು ಹಿಂಡಾಗಿ ಈಜಿದ ಆ ಪ್ರಾಣಿಗೆ ಮೂರಡಿಯ ತೊಟ್ಟಿ ಸೆರೆಮನೆಯೇ ಸರಿ. ಇದನ್ನೆಲ್ಲ ಹೇಳಿದಾಗ ಪುಟ್ಟಿ ಹೆಸರನ್ನು ತಾನೇ ಹೊಡೆದುಹಾಕಿದಳು. ಆದರೆ ಅದರ ಪಕ್ಕದಲ್ಲಿ ಬರೆದಿದ್ದ ಚಿತ್ರವನ್ನು ಹಾಗೆಯೇ ಉಳಿಸಿಕೊಂಡಳು.

ಮೀನುಗಳ ಜಾತಿ ಜಾತಿಗೂ ಬೇರೆ ಬೇರೆ ಉಪಚಾರವೆಂಬುದು ನಮ್ಮ ನಾಡಿಗೆ ಹೊಸ ವಿಚಾರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಪ್ರಕರಣವೇ ಇದೆ. ಕಡಲಿನವು ಯಾವುವು, ಹೊಳೆಯವು ಯಾವುವು, ಯಾವುದಕ್ಕೆ ಯಾವ ಆಹಾರ ಹಿಡಿಸುತ್ತದೆ ಎಂದು ವಿಂಗಡಿಸಿದ್ದಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿಜ್ಞಾನಿಯ ಕಣ್ಣಿನಿಂದ ಪರಿಶೀಲಿಸಿ ಲೇಖನ ಬರೆದರು. ದೊರೆ ಮೀನಿಗೆ ಉಣಿಸಿದ್ದು ಗಾಳ ಹಾಕುವ ವಿನೋದಕ್ಕಾಗಿ ಎಂಬುದು ನಿಜ. ಆದರೂ ಗಾಳ ಹಾಕಿದ ಅವನು ಮೀನನ್ನು ನೋಡಿದಷ್ಟು ಗಮನವಿಟ್ಟು, ಸಾಕಲೆಂದು ತಂದ ನಾನು ನೋಡಿರಲಿಲ್ಲ.

ಹಾಗಾದರೆ ಉಳಿದದ್ದು ಯಾವುದು? ರಾಯರು ಕೊಟ್ಟ ಸೂತ್ರಗಳು ನಾಲ್ಕು. ಅಂಗಡಿಯಲ್ಲಿ ಕಂಡ ಗಾತ್ರವನ್ನು ಬಿಟ್ಟು ಬೆಳೆದ ಮೇಲಿನ ಗಾತ್ರವನ್ನು ಕೇಳು. ಹಿಂಡಿನಲ್ಲಿ ಬಾಳುವ ಮೀನನ್ನು ಆರಕ್ಕೆ ಕಡಿಮೆ ತರಬೇಡ; ಒಂಟಿಯಾದರೆ ಅದು ಹೆದರಿ ಸೊರಗುತ್ತದೆ. ನಿನ್ನ ಊರಿನ ನೀರಿಗೂ ಹವೆಗೂ ಒಗ್ಗುವುದನ್ನು ಆರಿಸು. ಎಲ್ಲವೂ ಒಂದೇ ಎತ್ತರದಲ್ಲಿ ಈಜುವಂಥವನ್ನು ತುಂಬಬೇಡ. ಕೊನೆಯದಕ್ಕೆ ಬಾಯಿಯೇ ಗುರುತು: ಮೇಲ್ಮುಖವಾದ ಬಾಯಿಯದು ನೀರಿನ ಮೇಲ್ಮೈಯಲ್ಲಿ ಉಣ್ಣುತ್ತದೆ, ನೇರ ಬಾಯಿಯದು ನಡುವಿನಲ್ಲಿ, ಕೆಳಮುಖದ ಬಾಯಿಯದು ತಳದಲ್ಲಿ. ಇಷ್ಟನ್ನು ತಿಳಿದ ಮೇಲೆ ಮೀನಿನ ಮುಖವನ್ನು ನೋಡಿಯೇ ಅದರ ಮನೆಯನ್ನು ಹೇಳಬಹುದು.

ಮೈಸೂರಿನ ಧನುರ್ಮಾಸದ ಚಳಿಯನ್ನೂ ತಾಳುವ, ಎರಡಂಗುಲಕ್ಕೆ ಮೀರದ, ಗಲಾಟೆಯಿಲ್ಲದ ಮೀನು ಯಾವುದೆಂದು ಸೋಸಿದಾಗ ಕೊನೆಗೆ ಉಳಿದದ್ದು ಜೀಬ್ರಾ ಡೇನಿಯೊ. ಗಂಗಾ ಬಯಲಿನ ತೊರೆಗಳಲ್ಲಿ, ಬತ್ತದ ಗದ್ದೆಗಳಲ್ಲಿ ಸುಳಿದಾಡುವ, ಮೈತುಂಬ ನೀಲಿ ಪಟ್ಟೆಯ ಸಣ್ಣ ಮೀನು. ಅದಕ್ಕೆ ಶಾಸ್ತ್ರದ ಹೆಸರಿಟ್ಟವನು ಯಾರೆಂದು ನೋಡಿದರೆ ಹಳೆಯ ಪರಿಚಯದವನೇ! ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ನಮ್ಮ ಜನ ಏನು ಬೆಳೆಯುತ್ತಿದ್ದರು, ಏನು ನೇಯುತ್ತಿದ್ದರು ಎಂದು ಊರೂರಿನ ವಿವರ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಚರಿತ್ರೆಯ ವಿದ್ಯಾರ್ಥಿಗಳೆಲ್ಲ ಬಲ್ಲ ಹೆಸರು. ಆತನೇ ಮುಂದೆ ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು 1822ರಲ್ಲಿ ಗಂಗೆಯ ಮೀನುಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ. ಅದರಲ್ಲಿ ಈ ಜೀಬ್ರಾ ಡೇನಿಯೊ ಇದೆ, ರೋಸಿ ಬಾರ್ಬ್ ಇದೆ, ಕುಬ್ಜ ಗೌರಾಮಿ ಇದೆ. ಇಂದು ಲೋಕದ ಅಂಗಡಿಗಳಲ್ಲೆಲ್ಲ ಇವು ಸಿಕ್ಕುತ್ತವೆ. ಆ ಪಟ್ಟೆಯ ಮೀನು ಅಂಗಡಿಯನ್ನು ದಾಟಿ ಪ್ರಯೋಗಶಾಲೆಗೂ ಹೋಗಿದೆ. ಅಮೆರಿಕದ ಜಾರ್ಜ್ ಸ್ಟ್ರೈಸಿಂಗರ್ ಅದನ್ನು ತಳಿವಿಜ್ಞಾನಕ್ಕೆ ಬಳಸತೊಡಗಿದ; 2013ರಲ್ಲಿ ಅದರ ಜೀನುಗಳ ಪೂರ್ಣ ವಿವರ ಪ್ರಕಟವಾದಾಗ, ಮನುಷ್ಯನ ಜೀನುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಅದರಲ್ಲಿ ಸಾಟಿಯಿದೆಯೆಂದು ಕಂಡುಬಂತು. "ಹಾಗಾದ್ರೆ ಅದು ನಮ್ಮ ನೆಂಟರೇ" ಎಂದಳು ಪುಟ್ಟಿ. ಪಟ್ಟಿಯಲ್ಲಿ ಗೀಟು ಬೀಳದ ಹೆಸರು ಅದೊಂದೇ.

ಐದನೆಯ ವಾರದಲ್ಲಿ ಒಂದು ಸಂಜೆ ಕೊಳವೆಯ ನೀರು ಹಳದಿಯಾಗಿಯೇ ಉಳಿಯಿತು. ನೈಟ್ರೈಟಿನ ಪರೀಕ್ಷೆಯಲ್ಲಿಯೂ ಬಣ್ಣ ಏರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ನೋಡಿದೆವು, ಅದೇ ಫಲ. ಭಾನುವಾರ ಮೂವರೂ ಅಂಗಡಿಗೆ ಹೊರಟೆವು: ನಾನು, ರಾಯರು, ಪುಟ್ಟಿ.

ಅಂಗಡಿಯಲ್ಲಿ ಹೆಜ್ಜೆಯಿಟ್ಟೊಡನೆ ಕಣ್ಣಿಗೆ ಬಿದ್ದದ್ದು ಹಸಿರು, ಗುಲಾಬಿ, ಹಳದಿಯ ಗೀಟುಗಳಿದ್ದ ಪಾರದರ್ಶಕ ಮೀನುಗಳ ಒಂದು ತೊಟ್ಟಿ. ಪುಟ್ಟಿ ಅತ್ತ ಓಡಿದಳು. ರಾಯರ ಮುಖ ಕಪ್ಪಿಟ್ಟಿತು. ಅದು ಗಾಜುಮೀನು, ಹ್ಯಾಮಿಲ್ಟನ್ನನ ಗ್ರಂಥದಲ್ಲಿ ಅದೂ ಇದೆ. ಮೈಯೊಳಗಿನ ಎಲುಬುಗಳನ್ನು ಹೊರಗಿನಿಂದಲೇ ಎಣಿಸಬಹುದಾದ ವಿಚಿತ್ರ ಸೃಷ್ಟಿ. ಆ ಚೆಲುವು ಸಾಲದೆಂದು ವ್ಯಾಪಾರಸ್ಥರು ಸೂಜಿಯಿಂದ ಅದರ ಮೈಗೆ ಬಣ್ಣ ಚುಚ್ಚುತ್ತಾರೆ. ಚುಚ್ಚಿದ ಗಾಯದಿಂದಲೇ ಅನೇಕವು ಸಾಯುತ್ತವೆ. ಉಳಿದವುಗಳ ಬಣ್ಣ ಕೆಲವು ತಿಂಗಳಲ್ಲಿ ಮಾಸುತ್ತದೆ. ಪುಟ್ಟಿಗೆ ಇದನ್ನು ಹೇಳಿದಾಗ ಅವಳು ಗಾಜಿನಿಂದ ಕೈ ತೆಗೆದು ಹಿಂದೆ ಸರಿದಳು. ಯಾರೂ ಕೊಳ್ಳದಿದ್ದರೆ ಯಾರೂ ಚುಚ್ಚುವುದಿಲ್ಲ ಎಂಬ ಅರ್ಥಶಾಸ್ತ್ರವನ್ನು ನಾನು ಅವಳಿಗೆ ಬೋಧಿಸಬೇಕಾಗಲಿಲ್ಲ.

ಜೀಬ್ರಾ ಡೇನಿಯೊಗಳ ತೊಟ್ಟಿಯ ಮುಂದೆ ರಾಯರು ಕಾಲು ಗಂಟೆ ನಿಂತರು. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿಯ ಚುಕ್ಕೆಗಳಿವೆಯೆ? ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿವೆಯೆ? ಮೇಲೆ ಬಂದು ಬಾಯಿ ಬಿಡುತ್ತಿವೆಯೆ? ಹೊಟ್ಟೆ ಒಳಸೇರಿದೆಯೆ? ತಳದಲ್ಲಿ ಸತ್ತದ್ದು ಬಿದ್ದಿದೆಯೆ? ಇವು ಯಾವುವೂ ಇರಲಿಲ್ಲ. ಬಂದು ಎಷ್ಟು ದಿನವಾಯಿತೆಂದು ಕೇಳಿದರು. ಎರಡು ವಾರವೆಂದ ಅಂಗಡಿಯವ. ಒಂದು ಚಿಟಿಕೆ ಆಹಾರ ಹಾಕಿಸಿದರು. ಎಲ್ಲವೂ ನುಗ್ಗಿ ತಿಂದವು. ಅಂಗಡಿಯವ ನಗುತ್ತ, "ಹೆಣ್ಣು ನೋಡೋಕೆ ಬಂದ ಹಾಗೆ ನೋಡ್ತೀರಲ್ಲ ಸಾರ್" ಎಂದ. ಎಂಟನ್ನು ಕೊಂಡೆವು. ಆ ಮೂರಡಿಯ ತೊಟ್ಟಿಗೆ ಅಷ್ಟೇ ಏಕೆಂದು ಅವನಿಗೆ ಬೇಸರ. ಹೆಪ್ಪಿನ ಬಲವಿರುವುದು ಸದ್ಯಕ್ಕೆ ಅಷ್ಟಕ್ಕೇ. ಮೂರು ವಾರ ಬಿಟ್ಟು ಮುಂದಿನದು ಎಂದು ರಾಯರು ಹೇಳಿದರು.

ಮನೆಯಲ್ಲಿ ಚೀಲವನ್ನು ಕಾಲು ಗಂಟೆ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು ಬಿಸಿಯನ್ನು ಸಮ ಮಾಡಿದೆವು. ಆಮೇಲೆ ಬಾಯಿ ಬಿಚ್ಚಿ, ಅರ್ಧ ಗಂಟೆಯ ಕಾಲ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಚೀಲಕ್ಕೆ ಕೂಡಿಸುತ್ತ ಬಂದೆವು. ಪುಟ್ಟಿ ಕಾಫಿಯ ಬಟ್ಟಲಿನಿಂದ ಎಣಿಸಿ ಎಣಿಸಿ ಹಾಕಿದಳು. ಕೊನೆಗೆ ಬಲೆಯಲ್ಲಿ ಮೀನುಗಳನ್ನು ಮಾತ್ರ ಎತ್ತಿ ಒಳಗೆ ಬಿಟ್ಟು, ಅಂಗಡಿಯ ನೀರನ್ನು ಹೊರಗೆ ಚೆಲ್ಲಿದೆವು. ದೀಪ ಆರಿಸಿದೆವು. ಮೊದಲು ಎಂಟೂ ಮೂಲೆಯ ಗಿಡದ ಮರೆಗೆ ಸೇರಿದವು. ಸ್ವಲ್ಪ ಹೊತ್ತಿನ ಮೇಲೆ ಒಂದು ಹೊರಬಂತು. ಅದರ ಹಿಂದೆ ಉಳಿದವೂ ಬಂದವು. ತೊಟ್ಟಿಯ ಈ ತುದಿಯಿಂದ ಆ ತುದಿಗೆ ನೂಲಿನ ಲಾಳಿಯಂತೆ ಓಡಾಡತೊಡಗಿದವು.

ಹನ್ನೆರಡು ದಿನಗಳನ್ನು ನಾನು ಎಣಿಸಿದೆ. ಯಾರಿಗೂ ಹೇಳದೆ ಎಣಿಸಿದೆ. ದಿನ ಬೆಳಿಗ್ಗೆ ಎದ್ದು ದೀಪ ಹಾಕುವ ಮೊದಲು ಎದೆ ಒಮ್ಮೆ ಹೊಡೆದುಕೊಳ್ಳುತ್ತಿತ್ತು. ಹದಿಮೂರನೆಯ ಬೆಳಿಗ್ಗೆಯೂ ಎಂಟು ಮೀನುಗಳಿದ್ದವು. ಆ ದಿನ ರಾತ್ರಿ ಊಟವಾದ ಮೇಲೆ ಮಗ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಹತ್ತಿರ ಹೋಗಿ ಕೂತೆ. "ನೋಡಪ್ಪ, ಆವತ್ತು ನಾನು ನಿನಗೆ ಹೇಳಿದ್ದು ನಿಜವಲ್ಲ. ಮೀನಿನ ಆಯುಸ್ಸು ಅಷ್ಟಲ್ಲ. ತಿಳಿಯದೆ ನಾವೇ ಕೊಂದೆವು, ನೀನಲ್ಲ, ನಾನು. ನೀನು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಬಹುದಾಗಿತ್ತು, ಹೇಳಲಿಲ್ಲ" ಎಂದೆ. ಇಷ್ಟನ್ನು ಹೇಳಲು ನಾನು ಎರಡು ವಾರ ಮಾತು ಜೋಡಿಸಿದ್ದೆ. ತರಗತಿಯಲ್ಲಿ ಮೂವತ್ತೈದು ವರ್ಷ ಮಾತಾಡಿದವನಿಗೆ ಅದು ಸುಲಭ ಬರಲಿಲ್ಲ.

ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನನಗೆ ಆಗ ಅನುಮಾನ ಇತ್ತು ಅಪ್ಪ. ಕೊನೆಯ ಮೀನಿಗೆ ರಾತ್ರಿ ನಿಮಗೆ ಗೊತ್ತಾಗದ ಹಾಗೆ ಇನ್ನಷ್ಟು ಬನ್ ಹಾಕಿದ್ದೆ. ಅದಕ್ಕೇ ಸತ್ತಿತೇನೋ ಅಂತ ಇಷ್ಟು ದಿನ…" ಎಂದು ನಿಲ್ಲಿಸಿ ನಕ್ಕ. ನಾನು ನಗಲಾರದೆ ಹೋದೆ. ಸಮಾಧಾನಕ್ಕೆಂದು ನಾನು ಆಡಿದ ಸುಳ್ಳು ಅವನಿಗೆ ಸಮಾಧಾನವನ್ನೂ ಕೊಟ್ಟಿರಲಿಲ್ಲ. ಕೇಳುವ ದಾರಿಯನ್ನು ಮಾತ್ರ ಮುಚ್ಚಿತ್ತು.

ಈಗ ನಮ್ಮ ತೊಟ್ಟಿಯಲ್ಲಿ ಆ ಎಂಟರ ಜೊತೆಗೆ ನಡುನೀರಿನಲ್ಲಿ ಆರು ಚೆರ್ರಿ ಬಾರ್ಬ್‌ಗಳಿವೆ. ಸಿಂಹಳದ ಸಾಧು ಮೀನುಗಳು. ಇನ್ನು ತಳಕ್ಕೆ ಯಾವುದನ್ನು ತರುವುದೆಂದು ಪುಟ್ಟಿಯ ಪುಸ್ತಕದಲ್ಲಿ ಚರ್ಚೆ ನಡೆದಿದೆ. ಡೇನಿಯೊಗಳ ಆಯುಸ್ಸು ಮೂರು ವರ್ಷದ ಆಸುಪಾಸು ಎಂದು ಅವಳಿಗೆ ಮೊದಲೇ ಹೇಳಿದ್ದೇವೆ. ಅದು ನಿಜವಾದ ಲೆಕ್ಕ. ಭಾನುವಾರ ನೀರು ಬದಲಿಸುವ ಕೆಲಸವನ್ನು ಮಗ ತಾನೇ ವಹಿಸಿಕೊಂಡಿದ್ದಾನೆ. ಶನಿವಾರ ಸಂಜೆ ಬಕೀಟುಗಳನ್ನು ತುಂಬಿ ಸಾಲಾಗಿ ಇಡುವ ಸದ್ದು ನನ್ನ ಕೋಣೆಗೆ ಕೇಳಿಸುತ್ತದೆ.